ಗೋಡೆ ಬಿದ್ದದ್ದು ಮಳೆಗಲ್ಲ: ಹುಬ್ಬಳ್ಳಿಯಿಂದ ಕಡಲಿಗೆ ಇಳಿಯುವ ರಸ್ತೆಯ ಕತೆ

ಜೂನ್ ಮುಗಿದು ಜುಲೈ ಬಂತೆಂದರೆ ನಮ್ಮಂಥ ಜಿಲ್ಲಾ ಸ್ಟ್ರಿಂಜರ್‌ಗಳ ಮೊಬೈಲಿನಲ್ಲಿ ಒಂದು ಸುದ್ದಿ ತಯಾರೇ ಇರುತ್ತದೆ. ಊರಿನ ಹೆಸರು ಬದಲಿಸಿದರೆ ಸಾಕು. 'ಧಾರಾಕಾರ ಮಳೆಗೆ ರಸ್ತೆ ಬದಿಯ ತಡೆಗೋಡೆ ಕುಸಿತ, ಸಂಚಾರ ಅಸ್ತವ್ಯಸ್ತ.' ನಾಲ್ಕು ಸಾಲು, ಒಂದು ಫೋಟೊ. ಡೆಸ್ಕಿನವರಿಗೂ ಸಮಾಧಾನ, ನಮಗೂ ಸಮಾಧಾನ. ಹತ್ತು ವರ್ಷದಲ್ಲಿ ಇಂಥ ಸುದ್ದಿ ಎಷ್ಟು ಕಳಿಸಿದ್ದೇವೋ ಲೆಕ್ಕ ಇಟ್ಟಿಲ್ಲ.

ಒಂದು ಮಳೆಗಾಲದಲ್ಲಿ ನಮ್ಮೂರ ಹಳ್ಳದ ಪಕ್ಕದ ಗೋಡೆಯೇ ಬಿತ್ತು. ಕಟ್ಟಿ ಬಹಳ ವರ್ಷವೂ ಆಗಿರಲಿಲ್ಲ. ಫೋಟೊ ಹೊಡೆಯುತ್ತ ನಿಂತಾಗ ಪಕ್ಕದಲ್ಲಿ ಬೀಡಿ ಹಚ್ಚಿಕೊಂಡು ಕೂತಿದ್ದ ಮುದುಕ ಗೌಂಡಿಯೊಬ್ಬರು ಕೇಳಿದರು, "ಏನಂತ ಬರೀತೀರಪಾ?"

"ಮಳೀಗೆ ಗ್ವಾಡಿ ಬಿತ್ತು ಅಂತ, ಕಾಕಾ."

"ಮಳೀ ಮ್ಯಾಲ ಯಾಕ ಹಾಕ್ತೀರಿ? ಮಳಿ ವರ್ಷಾ ಬರ್ತೈತಿ. ಗ್ವಾಡಿ ಹಿಂದ ನಿಂತ ನೀರಿಗೆ ಹೊರಗ ಹೋಗಾಕ ದಾರಿ ಇರ್ಲಿಲ್ಲ. ಅದು ತಾನ ದಾರಿ ಮಾಡ್ಕೊಂತು."

ಎದ್ದು ಬಂದು ತೋರಿಸಿದರು. ಗೋಡೆಯಲ್ಲಿ ಪೈಪು ಇಟ್ಟಿದ್ದು ನಿಜ. ಆದರೆ ಅರ್ಧ ಪೈಪುಗಳ ಬಾಯಿಗೆ ಕಾಂಕ್ರೀಟು ತುಂಬಿತ್ತು. ಗೋಡೆಯ ಹಿಂದೆ ಖಡಿ ಇರಬೇಕಾದ ಜಾಗದಲ್ಲಿ ಅಲ್ಲೇ ಅಗೆದ ಎರೆ ಮಣ್ಣನ್ನು ದಬ್ಬಿದ್ದರು. ಆ ದಿನ ನಾವು ಕಳಿಸಿದ ಸುದ್ದಿಯಲ್ಲಿ ಇದ್ಯಾವುದೂ ಇರಲಿಲ್ಲ. ಮಳೆಗೇ ಗೋಡೆ ಬಿದ್ದಿತ್ತು.

ಆ ಕಾಕಾನ ಮಾತು ತಲೆಯಲ್ಲಿ ಕೂತಿತು. ಹಿಂದೆ ಹೋಗಿ ನಮ್ಮ ಸೀಮೆಯ ದೊಡ್ಡ ರಸ್ತೆಯೊಂದರ ಇತಿಹಾಸ ಓದಿದೆವು. ಹುಬ್ಬಳ್ಳಿಯಿಂದ ಕಲಘಟಗಿ, ಕಿರವತ್ತಿ, ಯಲ್ಲಾಪುರ ದಾಟಿ, ಅರಬೈಲು ಘಟ್ಟ ಇಳಿದು ಅಂಕೋಲಾ ಸೇರುವ ರಸ್ತೆ ಅದು. ಹಳೆಯ ನಂಬರಿನಲ್ಲಿ ರಾಷ್ಟ್ರೀಯ ಹೆದ್ದಾರಿ 63, ಈಗ 52. ಆ ಘಟ್ಟ ಹುಬ್ಬಳ್ಳಿಯಿಂದ ದೂರವೇ ಇದೆ. ಆದರೂ ಅಲ್ಲಿ ರಸ್ತೆ ಕುಸಿದರೆ ಹುಬ್ಬಳ್ಳಿಯ ಮೀನು ಪೇಟೆ ಖಾಲಿಯಾಗುತ್ತದೆ, ಇಲ್ಲಿಂದ ಕರಾವಳಿಗೆ ಹೊರಟ ಉಳ್ಳಾಗಡ್ಡಿ ಲಾರಿ ದಾರಿಯಲ್ಲೇ ನಿಲ್ಲುತ್ತದೆ.

ಹತ್ತಿಗಾಗಿ ಹುಟ್ಟಿದ ದಾರಿ

ಧಾರವಾಡ ಸೀಮೆಯ ನಾಟಿ ಹತ್ತಿಗೆ ಹಿಂದಿನ ಕಾಲದ ಮುಂಬಯಿ ಪೇಟೆಯಲ್ಲಿ 'ಕುಮಟಾ' ಹತ್ತಿ ಎಂದೇ ಹೆಸರು. ಕುಮಟಾದಲ್ಲಿ ಹತ್ತಿ ಬೆಳೆಯುತ್ತಿರಲಿಲ್ಲ. ನಮ್ಮ ಎರೆ ಹೊಲದ ಹತ್ತಿ ಘಟ್ಟ ಇಳಿದು ಕುಮಟಾ ಬಂದರಿನಿಂದ ಹಡಗು ಹತ್ತುತ್ತಿತ್ತು, ಅದಕ್ಕೆ ಬಂದರಿನ ಹೆಸರೇ ಉಳಿಯಿತು. ರಸ್ತೆ ಎನ್ನುವಂಥದ್ದು ಇಲ್ಲದ ಕಾಲದಲ್ಲಿ ಸರಕು ಹೋಗುತ್ತಿದ್ದದ್ದು ಎತ್ತಿನ ಬೆನ್ನ ಮೇಲೆ. ಹೇರೆತ್ತುಗಳ ಹಿಂಡು ಕಟ್ಟಿಕೊಂಡು ಘಟ್ಟ ಇಳಿದು, ಬರುವಾಗ ಉಪ್ಪು ಹೇರಿಕೊಂಡು ಬರುವ ಕೆಲಸವನ್ನು ಲಂಬಾಣಿಗರು ಮಾಡುತ್ತಿದ್ದರು. ಎತ್ತಿಗೆ ಕಾಲುದಾರಿ ಸಾಕು. ಚಕ್ಕಡಿಗೆ ಸಾಲದು. ಚಕ್ಕಡಿ ಇಳಿಯಬೇಕಾದರೆ ಗುಡ್ಡದ ಒಂದು ಬದಿ ಕಡಿಯಬೇಕು, ಇನ್ನೊಂದು ಬದಿ ಗೋಡೆ ಕಟ್ಟಿ ಮಣ್ಣು ತುಂಬಬೇಕು. ತಡೆಗೋಡೆ ನಮ್ಮ ದಾರಿಗಳಿಗೆ ಬಂದದ್ದು ಚಕ್ಕಡಿಯ ಜೊತೆಗೆ.

1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಯಿತು. ಇಂಗ್ಲೆಂಡಿನ ಮ್ಯಾಂಚೆಸ್ಟರ್ ಗಿರಣಿಗಳಿಗೆ ಅಮೆರಿಕದ ಹತ್ತಿ ಬರುವುದು ಕಡಿಮೆಯಾಗಿ, ಕಣ್ಣು ನಮ್ಮ ಧಾರವಾಡದ ಮೇಲೆ ಬಿತ್ತು. ಅದೇ ವರ್ಷ ಮ್ಯಾಂಚೆಸ್ಟರಿನ ಹತ್ತಿ ಕಂಪನಿಯ ಪರವಾಗಿ ಹೇವುಡ್ ಎಂಬವರು ಈ ಕಡೆ ಬಂದು ನೋಡಿದರು. ಕಾರವಾರದ ಹತ್ತಿರದ ಸದಾಶಿವಗಡದಲ್ಲಿ ಬಂದರು, ಅಲ್ಲಿಂದ ಕೈಗಾ ಘಟ್ಟದ ಮೇಲೆ ಧಾರವಾಡಕ್ಕೆ ಚಕ್ಕಡಿ ರಸ್ತೆ ಎಂಬುದು ಯೋಜನೆ. ಹತ್ತಿ ಒತ್ತುವ ಯಂತ್ರಗಳು ಹಡಗಿನಲ್ಲಿ ಬಂದು ದಂಡೆ ಸೇರಿದರೂ ಮೇಲಕ್ಕೆ ಬರುವ ರಸ್ತೆ ಮುಗಿದಿರಲಿಲ್ಲ. ಯಂತ್ರ ಕೆಳಗೆ, ಹತ್ತಿ ಮೇಲೆ, ನಡುವೆ ಘಟ್ಟ.

ಆಗ ಉತ್ತರ ಕನ್ನಡ ಇದ್ದದ್ದು ಮದ್ರಾಸ್ ಪ್ರಾಂತ್ಯದಲ್ಲಿ, ಧಾರವಾಡ ಇದ್ದದ್ದು ಮುಂಬಯಿ ಪ್ರಾಂತ್ಯದಲ್ಲಿ. ಘಟ್ಟದ ಮೇಲಿನ ರಸ್ತೆ ಒಬ್ಬರದು, ಕೆಳಗಿನದು ಇನ್ನೊಬ್ಬರದು. 'ನಮ್ಮ ವ್ಯಾಪ್ತಿ ಅಲ್ಲ' ಎಂಬ ಮಾತು ಅವತ್ತಿನಿಂದಲೇ ಇದೆ! ಹತ್ತಿ ವ್ಯಾಪಾರಿಗಳ ಒತ್ತಡ ಹೆಚ್ಚಾಗಿ 1862ರಲ್ಲಿ ಉತ್ತರ ಕನ್ನಡವನ್ನು ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದರು. ಕಾರವಾರ ಜಿಲ್ಲಾ ಕೇಂದ್ರವಾಯಿತು. ಒಂದು ರಸ್ತೆ, ಒಂದು ಬಂದರಿನ ಸಲುವಾಗಿ ಜಿಲ್ಲೆಯ ಗಡಿಯೇ ಬದಲಾದ ಕತೆ ಇದು.

ಯುದ್ಧ 1865ರಲ್ಲಿ ಮುಗಿಯಿತು, ಹತ್ತಿಯ ಬೆಲೆ ಇಳಿಯಿತು. ಆದರೆ ಘಟ್ಟದ ರಸ್ತೆಗಳು ಉಳಿದವು.

ಗೋಡೆ ಕಟ್ಟಿದವರು, ಗಟಾರ ಕೆದರಿದವರು

ಆ ಕಾಲದ ಘಟ್ಟದ ರಸ್ತೆಗಳಲ್ಲಿ ಸಾಮಾನ್ಯವಾಗಿ ಕಟ್ಟುತ್ತಿದ್ದದ್ದು ಗಾರೆ ಇಲ್ಲದ ಕಲ್ಲಿನ ಗೋಡೆ. ದೊಡ್ಡ ಕಲ್ಲು ಕೆಳಗೆ, ಸಣ್ಣದು ಮೇಲೆ. ಗೋಡೆಯ ಮುಖ ಗುಡ್ಡದ ಕಡೆ ಸ್ವಲ್ಪ ವಾಲಿಕೊಂಡು ಇರುತ್ತದೆ. ಕಲ್ಲಿಗೆ ಕಲ್ಲು ಕಚ್ಚಿ ಕೂತಿರುತ್ತದೆ, ಆದರೆ ಸಂದಿ ಇರುತ್ತದೆ. ಮಳೆ ನೀರು ಆ ಸಂದಿಯಿಂದ ತಾನಾಗೇ ಸೋರಿ ಹೋಗುತ್ತದೆ. ಅಂದರೆ ಇಡೀ ಗೋಡೆಯೇ ಒಂದು ಜಾಲರಿ. ನಮ್ಮ ಸೀಮೆಯಲ್ಲಿ ಇಂಥ ಕಲ್ಲು–ಮಣ್ಣಿನ ಕೆಲಸಕ್ಕೆ ಹೆಸರಾದವರು ವಡ್ಡರು, ಈಗ ಭೋವಿ ಎಂದು ಕರೆಸಿಕೊಳ್ಳುವ ಸಮುದಾಯ. ರಸ್ತೆಗೆ ದೊರೆಯ ಹೆಸರು, ಎಂಜಿನಿಯರನ ಹೆಸರು ಬರುತ್ತದೆ. ಕಲ್ಲು ಕೂಡಿಸಿದವರ ಹೆಸರು ಎಲ್ಲೂ ಬರುವುದಿಲ್ಲ.

ಕಟ್ಟಿದ ಮೇಲೂ ಕೆಲಸ ಮುಗಿಯುತ್ತಿರಲಿಲ್ಲ. ಲೋಕೋಪಯೋಗಿ ಇಲಾಖೆಯಲ್ಲಿ ಗ್ಯಾಂಗ್ ಎಂದು ಇರುತ್ತಿತ್ತು. ಇಷ್ಟು ಮೈಲಿಗೆ ಇಷ್ಟು ಜನ. ಸಲಿಕೆ, ಗುದ್ದಲಿ, ಬುಟ್ಟಿ ಹಿಡಿದು ರಸ್ತೆ ಬದಿ ಕೆಲಸ ಮಾಡುವ ಗ್ಯಾಂಗಿನವರನ್ನು ನಮ್ಮ ಹಿರಿಯರೆಲ್ಲ ನೋಡಿದ್ದಾರೆ. ಮಳೆ ಹಿಡಿಯುವ ಮೊದಲು ಗಟಾರದ ಎಲೆ–ಮಣ್ಣು ತೆಗೆಯುವುದು, ಮೋರಿಯ ಬಾಯಿ ಬಿಡಿಸುವುದು, ಗೋಡೆಯಲ್ಲಿ ಬೆಳೆದ ಗಿಡ ಕೀಳುವುದು ಅವರ ಕೆಲಸ. ಆಲದ ಸಸಿಯ ಬೇರು ಕಲ್ಲಿನ ನಡುವೆ ಇಳಿದರೆ ಕೆಲವೇ ವರ್ಷದಲ್ಲಿ ಗೋಡೆ ಸಡಿಲಾಗುತ್ತದೆ. ಸಸಿ ಇದ್ದಾಗ ಕಿತ್ತರೆ ಎರಡು ನಿಮಿಷದ ಕೆಲಸ.

ನಿರ್ವಹಣೆ ಗುತ್ತಿಗೆಗೆ ಹೋದಂತೆ ಗ್ಯಾಂಗಿನವರು ಕಡಿಮೆಯಾದರು. ಗುತ್ತಿಗೆಯಲ್ಲಿ ಡಾಂಬರಿಗೆ ಬಿಲ್ ಆಗುತ್ತದೆ, ಗೋಡೆಗೆ ಬಿಲ್ ಆಗುತ್ತದೆ. ಜೂನ್ ಒಂದರ ಬೆಳಿಗ್ಗೆ ಗಟಾರದಿಂದ ಒಂದು ಬುಟ್ಟಿ ಎಲೆ ತೆಗೆದದ್ದಕ್ಕೆ ಯಾರೂ ಶಂಕುಸ್ಥಾಪನೆ ಮಾಡುವುದಿಲ್ಲ.

ಚಕ್ಕಡಿ ಹೋಯಿತು, ಅದಿರು ಲಾರಿ ಬಂತು

1880ರ ದಶಕದ ಕೊನೆಗೆ ರೈಲು ಬಂತು. ಹುಬ್ಬಳ್ಳಿ ಸದರ್ನ್ ಮರಾಠಾ ರೈಲ್ವೆಯ ದೊಡ್ಡ ಜಂಕ್ಷನ್ ಆಯಿತು, ಕ್ಯಾಸಲ್‌ರಾಕ್ ಮೇಲೆ ಗೋವಾದ ಮುರಗಾಂವ್ ಬಂದರಿಗೆ ದಾರಿ ತೆರೆಯಿತು. ಹತ್ತಿ ಆ ಕಡೆ ಹೋಯಿತು, ಕಾರವಾರದ ಕನಸು ಮಂಕಾಯಿತು. ಹುಬ್ಬಳ್ಳಿ–ಅಂಕೋಲಾ ರೈಲು ಮಾರ್ಗ 1990ರ ದಶಕದ ಕೊನೆಯಲ್ಲಿ ಮಂಜೂರಾದರೂ ಕಾಡಿನ ಪ್ರಶ್ನೆಯಲ್ಲಿ, ಕೋರ್ಟು ಕಚೇರಿಯಲ್ಲಿ ಸಿಕ್ಕಿಕೊಂಡಿತು. ಹಾಗಾಗಿ ಅರಬೈಲಿನ ಮೇಲಿನ ಭಾರ ಇಳಿಯಲಿಲ್ಲ.

ಇಳಿಯುವುದು ಇರಲಿ, 2000ದ ದಶಕದಲ್ಲಿ ಅದು ಏರಿತು. ಬಳ್ಳಾರಿ–ಹೊಸಪೇಟೆಯ ಕಬ್ಬಿಣದ ಅದಿರು ಹುಬ್ಬಳ್ಳಿ ಮೇಲೆ ಬೇಲೆಕೇರಿ ಬಂದರಿಗೆ ಇದೇ ದಾರಿಯಲ್ಲಿ ಹೋಯಿತು. ಆಗ ಕಾಲೇಜಿನಲ್ಲಿದ್ದ ನಮಗೆ ಕೆಂಪು ಧೂಳು ಮೆತ್ತಿಕೊಂಡ ಲಾರಿಗಳ ಸಾಲು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. 2010ರ ಜುಲೈನಲ್ಲಿ ರಾಜ್ಯ ಸರ್ಕಾರ ಅದಿರು ರಫ್ತು ನಿಲ್ಲಿಸಿತು, 2011ರ ಜುಲೈನಲ್ಲಿ ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರ ವರದಿ ಬಂತು. ಎಷ್ಟು ಅದಿರು ಹೋಯಿತು, ಯಾರ ಪಾಲು ಎಷ್ಟು ಎಂದು ಎಲ್ಲರೂ ಬರೆದರು. ಆ ಭಾರ ಹೊತ್ತ ಘಟ್ಟದ ರಸ್ತೆಯ ಅಂಚಿಗೆ, ಮೋರಿಗೆ, ಗೋಡೆಗೆ ಏನಾಯಿತು ಎಂದು ನಾವೂ ಬರೆಯಲಿಲ್ಲ.

2021ರ ಪುಷ್ಯ ಮಳೆ

2021ರ ಜುಲೈ 22, 23. ಪುಷ್ಯ ಮಳೆಯ ಶುರು. ಅರಬೈಲು ಘಟ್ಟದಲ್ಲಿ ಗುಡ್ಡ ಜಾರಿ ಹೆದ್ದಾರಿ ಬಂದ್ ಆಯಿತು. ಯಲ್ಲಾಪುರ ತಾಲ್ಲೂಕಿನ ಕಳಚೆಯಲ್ಲಿ ಮನೆ, ತೋಟಗಳ ಸಮೇತ ನೆಲ ಜಾರಿತು. ಗುಳ್ಳಾಪುರದ ಸೇತುವೆ ಕೊಚ್ಚಿಹೋಯಿತು. ಅಣಶಿ ಘಟ್ಟದಲ್ಲೂ ಗುಡ್ಡ ಕುಸಿಯಿತು. ಜುಲೈ 23ರಂದೇ ಗೋವಾ ಬದಿಯ ದೂಧಸಾಗರ–ಸೋನಾಲಿಂ ನಡುವೆ ಮಣ್ಣು ಬಿದ್ದು ಮಂಗಳೂರು–ಮುಂಬೈ ರೈಲು ಹಳಿ ತಪ್ಪಿತು. ಅದೇ ಹೊತ್ತಿಗೆ ಕೊಲ್ಹಾಪುರದ ಹತ್ತಿರ ಪಂಚಗಂಗೆಯ ನೀರು ಪುಣೆ–ಬೆಂಗಳೂರು ಹೆದ್ದಾರಿಗೆ ಬಂದು ಅಲ್ಲೂ ಲಾರಿಗಳು ನಿಂತವು.

ನಕ್ಷೆ ಇಟ್ಟುಕೊಂಡು ನೋಡಿ. ಪಡುವಣಕ್ಕೂ ದಾರಿ ಇಲ್ಲ, ಬಡಗಲಿಗೂ ದಾರಿ ಇಲ್ಲ. ಹುಬ್ಬಳ್ಳಿ–ಧಾರವಾಡದ ಸುತ್ತ ಎಲ್ಲಿ ನೋಡಿದರೂ ನಿಂತ ಲಾರಿ.

ಇನ್ನೊಂದು ಸಂಗತಿ. ಧಾರವಾಡದ ಸೋಮೇಶ್ವರ ಗುಡಿಯ ಹತ್ತಿರ ಹುಟ್ಟುವ ಶಾಲ್ಮಲೆ ಕಲಘಟಗಿಯ ಕಡೆ ಬೇಡ್ತಿಯನ್ನು ಸೇರಿ, ಮಾಗೋಡಿನಲ್ಲಿ ಧುಮುಕಿ, ಗಂಗಾವಳಿಯಾಗಿ ಕಡಲು ಸೇರುತ್ತದೆ. ಆ ಗಂಗಾವಳಿಯ ದಂಡೆಯಲ್ಲೇ, ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ, 2024ರ ಜುಲೈ 16ರಂದು ಹೆದ್ದಾರಿ 66ರ ಮೇಲೆ ಗುಡ್ಡ ಬಿತ್ತು. 11 ಜನ ಹೋದರು. ಚಹಾ ಕುಡಿಯಲು ಲಾರಿ ನಿಲ್ಲಿಸಿದವರೂ ಅದರಲ್ಲಿ ಇದ್ದರು. ಹೆದ್ದಾರಿ ಅಗಲ ಮಾಡಲು ಗುಡ್ಡದ ಬುಡ ಕಡಿದದ್ದರ ಬಗ್ಗೆ ಆಮೇಲೆ ದೊಡ್ಡ ಚರ್ಚೆ ನಡೆಯಿತು. 2025ರ ಜುಲೈನಲ್ಲಿ ಅನಮೋಡ ಘಟ್ಟದ ಗೋವಾ ಬದಿಯಲ್ಲಿ ರಸ್ತೆ ಕುಸಿದು ಭಾರಿ ವಾಹನ ಬಂದ್ ಆಯಿತು. ವರ್ಷ ಬೇರೆ, ಘಟ್ಟ ಬೇರೆ, ತಿಂಗಳು ಅದೇ.

ಗುಡ್ಡವೇ ಜಾರುವುದು ಬೇರೆ, ಗೋಡೆ ಬೀಳುವುದು ಬೇರೆ. ಎಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ಬರುವುದಿಲ್ಲ. ಅತಿ ಮಳೆಯೂ ಸುಳ್ಳಲ್ಲ. ಆದರೆ ಎಲ್ಲ ಕಡೆ ಕೇಳಬೇಕಾದ ಪ್ರಶ್ನೆ ಒಂದೇ: ನೀರು ಎಲ್ಲಿಗೆ ಹೋಗಬೇಕಿತ್ತು?

ಕಾಕಾನ ಮಾತಿನ ಲೆಕ್ಕ

ಎಂಜಿನಿಯರಿಂಗ್ ಪುಸ್ತಕದ ಲೆಕ್ಕವೂ ಗೌಂಡಿ ಕಾಕಾ ಹೇಳಿದ್ದನ್ನೇ ಹೇಳುತ್ತದೆ. 3 ಮೀಟರ್ ಎತ್ತರದ ಗೋಡೆ ಇದೆ ಎನ್ನಿ. ಹಿಂದಿನ ಮಣ್ಣು ಒಣಗಿದ್ದಾಗ ಗೋಡೆಯ ಒಂದೊಂದು ಮೀಟರ್ ಉದ್ದದ ಮೇಲೆ ಬೀಳುವ ಒತ್ತಡ ಸುಮಾರು 2.7 ಟನ್. ಅದೇ ಮಣ್ಣಿನಲ್ಲಿ ಮೇಲಿನವರೆಗೆ ನೀರು ತುಂಬಿ ನಿಂತರೆ ಸುಮಾರು 6 ಟನ್. ಅದರಲ್ಲಿ 4.5 ಟನ್ ಬರೀ ನೀರಿನದೇ. ಗೋಡೆ ಅದೇ, ಮಣ್ಣು ಅದೇ. ಭಾರ ಮಾತ್ರ ಎರಡು ಪಟ್ಟಿಗಿಂತ ಹೆಚ್ಚು.

ಎರೆ ಮಣ್ಣು ತುಂಬಿದ್ದರೆ ಇನ್ನೂ ಕಷ್ಟ. ಬೇಸಿಗೆಯಲ್ಲಿ ಅಂಗೈ ಅಗಲ ಬಿರುಕು ಬಿಡುವ ನಮ್ಮ ಎರೆ, ಮಳೆಯಲ್ಲಿ ಉಬ್ಬುತ್ತದೆ. ನೀರನ್ನು ಬಿಟ್ಟುಕೊಡುವುದೂ ಇಲ್ಲ. ಹೊಲದ ಒಡ್ಡಿಗೆ ಕೋಡಿ ಬಿಡದಿದ್ದರೆ ಏನಾಗುತ್ತದೆ ಎಂದು ರೈತರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ರಸ್ತೆಯ ಗೋಡೆಗೆ ಪೈಪೇ ಕೋಡಿ.

ಬಿದ್ದ ಗೋಡೆಯನ್ನು ಸರಿಯಾಗಿ ಎತ್ತುವ ಕ್ರಮ ಇಷ್ಟು. ಮೊದಲು ಮೇಲಿನಿಂದ ಬರುವ ನೀರನ್ನು ಬೇರೆ ಕಡೆ ತಿರುಗಿಸಬೇಕು, ಬಿರುಕಿನ ಮೇಲೆ ತಾಡಪತ್ರಿ ಹೊದಿಸಬೇಕು, ಬುಡಕ್ಕೆ ಉಸುಕಿನ ಚೀಲ ಒಟ್ಟಬೇಕು. ಕುಸಿದ ಸಡಿಲು ಮಣ್ಣನ್ನು ಪೂರ್ತಿ ತೆಗೆದು, ಗಟ್ಟಿ ನೆಲ ಸಿಗುವವರೆಗೆ ಪಾಯಾ ಇಳಿಸಬೇಕು. ಗೋಡೆಯ ಹಿಂದೆ ಎರೆ ತುಂಬದೆ ಖಡಿ, ಗರಸು ತುಂಬಿ, ಪದರ ಪದರವಾಗಿ ದಮ್ಮಸು ಹಾಕಬೇಕು. ಪೈಪಿನ ಹಿಂಬದಿ ಬಾಯಿಗೆ ಖಡಿಯ ಜಾಲರಿ ಇರಬೇಕು, ಮುಂಬದಿ ಬಾಯಿ ತೆರೆದಿರಬೇಕು. ಮೇಲೆ ಗಟಾರ ಇರಬೇಕು. ಈಗ ಎಷ್ಟೋ ಕಡೆ ತಂತಿ ಬಲೆಯಲ್ಲಿ ಕಲ್ಲು ತುಂಬಿದ ಗೋಡೆ ಕಟ್ಟುತ್ತಾರೆ; ನೀರು ಸೋರಿ ಹೋಗಲಿ ಎಂಬ ಹಳೆಯ ಬುದ್ಧಿಯೇ ಅದರಲ್ಲೂ ಇದೆ.

ಅವಸರಕ್ಕೆ ಬಿದ್ದು ಅದೇ ಮಣ್ಣನ್ನು ಜೆಸಿಬಿಯಿಂದ ವಾಪಸು ದಬ್ಬಿ ಎದುರಿಗೆ ಕಾಂಕ್ರೀಟು ಹಾಕಿದರೆ, ಅದು ಮುಂದಿನ ಮಳೆಗಾಲಕ್ಕೆ ನಮಗೆ ಇನ್ನೊಂದು ಸುದ್ದಿ.

ದಾರಿ ತಪ್ಪಿದ ಲಾರಿ ಹಳ್ಳಿಗೆ ಬಂದಾಗ

ಗೋಡೆ ಬಿದ್ದಲ್ಲಿ ಒಂದು ಬದಿಯ ರಸ್ತೆ ಗಟ್ಟಿ ಇದ್ದರೆ ಏಕಮುಖ ಸಂಚಾರ ಬಿಡಬಹುದು. ಎರಡೂ ತುದಿಗೆ ಮನುಷ್ಯರನ್ನು ನಿಲ್ಲಿಸಿ, ಹಗಲು ಬಾವುಟ, ರಾತ್ರಿ ದೀಪ ಹಿಡಿದು ಒಂದು ಕಡೆಯವರನ್ನು ಬಿಟ್ಟು ಇನ್ನೊಂದು ಕಡೆಯವರನ್ನು ತಡೆಯುವುದು. ಭಾರಿ ವಾಹನವನ್ನು ಮಾತ್ರ ದೂರದಲ್ಲೇ, ತಿರುಗಲು ಜಾಗ ಇರುವ ಕಡೆಯೇ ನಿಲ್ಲಿಸಬೇಕು. ಘಟ್ಟದ ಬುಡಕ್ಕೆ ಬಂದ ಮೇಲೆ 'ಬಂದ್' ಬೋರ್ಡು ಕಂಡರೆ ಡ್ರೈವರ್ ಏನು ಮಾಡಬೇಕು? ಅರಬೈಲು ಬಂದ್ ಆದರೆ ಬೋರ್ಡು ಇರಬೇಕಾದದ್ದು ಹುಬ್ಬಳ್ಳಿಯಲ್ಲಿ, ಕಲಘಟಗಿಯಲ್ಲಿ, ಯಲ್ಲಾಪುರದಲ್ಲಿ.

ಮೋಟಾರು ವಾಹನ ಕಾಯ್ದೆ 1988ರ ಕಲಂ 115ರಲ್ಲಿ ಇಂಥ ನಿರ್ಬಂಧ ಹಾಕುವ ಅಧಿಕಾರ ಇದೆ. ಒಂದು ತಿಂಗಳು ಮೀರದ ನಿರ್ಬಂಧಕ್ಕೆ ಗೆಜೆಟ್ ಬೇಕಿಲ್ಲ, ಆದರೆ ಸ್ಥಳೀಯವಾಗಿ ಪ್ರಚಾರ ಕೊಡಬೇಕು ಎಂದು ಅದೇ ಕಲಂ ಹೇಳುತ್ತದೆ. ಡಂಗುರವೋ, ವಾಟ್ಸಾಪೋ, ಪಂಚಾಯ್ತಿಯ ಫಲಕವೋ, ಜನರಿಗೆ ಮೊದಲೇ ಗೊತ್ತಾಗಬೇಕು.

ನಮ್ಮೂರ ಗೋಡೆ ಬಿದ್ದಾಗ ಯಾರಿಗೂ ಗೊತ್ತಾಗಲಿಲ್ಲ. ದೊಡ್ಡ ರಸ್ತೆಯ ಲಾರಿಗಳು ಮೊಬೈಲು ನಕ್ಷೆ ನೋಡಿಕೊಂಡು ಹಳ್ಳಿ ರಸ್ತೆಗೆ ಇಳಿದವು. ಆಕ್ಸಲ್ ಮೇಲಿನ ಭಾರ ಎರಡು ಪಟ್ಟಾದರೆ ರಸ್ತೆಗೆ ಆಗುವ ಹಾನಿ ಹೆಚ್ಚುಕಡಿಮೆ 16 ಪಟ್ಟು ಎಂದು ರಸ್ತೆ ಎಂಜಿನಿಯರುಗಳು ಲೆಕ್ಕ ಹಿಡಿಯುತ್ತಾರೆ. ಟ್ರ್ಯಾಕ್ಟರಿಗೆಂದು ಮಾಡಿದ ರಸ್ತೆ ಒಂದೇ ವಾರದಲ್ಲಿ ಕೆಸರುಗದ್ದೆಯಾಯಿತು. ಬಸ್ಸು ಬರುವುದು ನಿಂತಿತು. ಹೈಸ್ಕೂಲಿನ ಹುಡುಗಿಯರು ಚಪ್ಪಲಿ ಕೈಯಲ್ಲಿ ಹಿಡಿದು ಮೂರು ಕಿಲೋಮೀಟರ್ ನಡೆದರು. ಮೊದಲೆರಡು ದಿನ ನಡೆದರು, ಆಮೇಲೆ ಕೆಲವರು ಮನೆಯಲ್ಲೇ ಉಳಿದರು. ಹಾಲಿನ ಗಾಡಿ ತಡವಾಗಿ ಡೇರಿಯಲ್ಲಿ ಹಾಲು ಒಡೆಯಿತು. ದೊಡ್ಡ ರಸ್ತೆಯ ಗೋಡೆಯನ್ನು ಆಮೇಲೆ ಕಟ್ಟಿದರು. ಹಾಳಾದ ಹಳ್ಳಿ ರಸ್ತೆ ಯಾವ ಬಿಲ್ಲಿನಲ್ಲೂ ಬರಲಿಲ್ಲ. 'ಸಂಚಾರ ಅಸ್ತವ್ಯಸ್ತ' ಎಂದು ನಾವು ಎರಡು ಪದದಲ್ಲಿ ಮುಗಿಸಿದ್ದು ಇಷ್ಟನ್ನು.

ಮೃಗಶಿರಕ್ಕೆ ಮೊದಲು

ನೂರಾ ಅರವತ್ತು ವರ್ಷದ ಈ ಕತೆಯಲ್ಲಿ ಸರಕು ಬದಲಾಗಿದೆ, ಗಾಡಿ ಬದಲಾಗಿದೆ, ಸರ್ಕಾರ ಬದಲಾಗಿದೆ. ಗೋಡೆಯ ಹಿಂದಿನ ನೀರು ಬದಲಾಗಿಲ್ಲ. ಅದನ್ನು ನೋಡಿಕೊಳ್ಳಲು ದಿನಾ ರಸ್ತೆಯಲ್ಲಿ ಇರುತ್ತಿದ್ದ ಗ್ಯಾಂಗಿನವರು ಇಲ್ಲ. ಆದರೆ ಆ ರಸ್ತೆಯಲ್ಲಿ ದಿನಾ ಓಡಾಡುವ ನೀವಿದ್ದೀರಿ, ಕೈಯಲ್ಲಿ ಫೋನ್ ಇದೆ.

ಮೃಗಶಿರ ಮಳೆ ಹಿಡಿಯುವ ಮೊದಲು ನಿಮ್ಮೂರ ರಸ್ತೆ ಬದಿಯ ಗೋಡೆಯನ್ನು ಒಮ್ಮೆ ನೋಡಿ. ಪೈಪಿನ ಬಾಯಿ ಮುಚ್ಚಿದೆಯೇ? ಗೋಡೆ ಹೊಟ್ಟೆ ಉಬ್ಬಿಸಿಕೊಂಡಿದೆಯೇ? ರಸ್ತೆಯ ಅಂಚಿಗೆ ಉದ್ದುದ್ದ ಬಿರುಕು ಬಿಟ್ಟಿದೆಯೇ? ಮಳೆ ಬಂದು ಹೋದ ಮೇಲೆ ಪೈಪಿನಿಂದ ನೀರು ಬಂದರೆ ಒಳ್ಳೆಯದು. ಜೋರು ಮಳೆಯಾದರೂ ಒಂದು ಹನಿ ಬರದಿದ್ದರೆ, ಅಥವಾ ನೀರಿನ ಜೊತೆ ಮಣ್ಣೂ ಬರುತ್ತಿದ್ದರೆ ಅದೇ ಅಪಾಯದ ಗುರುತು. ತಾರೀಖು ಸಮೇತ ಫೋಟೊ ತೆಗೆದು ಪಂಚಾಯ್ತಿಗೆ, ರಸ್ತೆ ಯಾವ ಇಲಾಖೆಯದೋ ಅವರಿಗೆ ಬರೆದು ಕೊಡಿ, ಸ್ವೀಕೃತಿ ಪಡೆಯಿರಿ. ರಾಷ್ಟ್ರೀಯ ಹೆದ್ದಾರಿಯಾದರೆ 1033ಕ್ಕೆ ಫೋನ್ ಮಾಡಬಹುದು. ಗೋಡೆ ನಿಂತಿರುವಾಗ ತೆಗೆದ ಫೋಟೊ ಬಿದ್ದ ಮೇಲಿನ ಹತ್ತು ಫೋಟೊಕ್ಕಿಂತ ಹೆಚ್ಚು ಕೆಲಸಕ್ಕೆ ಬರುತ್ತದೆ.

ನಾವೂ ಒಂದು ಪದ್ಧತಿ ಮಾಡಿಕೊಂಡಿದ್ದೇವೆ. ಇನ್ನು ಮುಂದೆ ಗೋಡೆ ಬಿದ್ದ ಸುದ್ದಿ ಬರೆಯುವಾಗ ಎಷ್ಟು ಮಳೆ ಬಿತ್ತು ಎಂಬುದರ ಜೊತೆಗೆ ಮೂರು ಪ್ರಶ್ನೆ ಕೇಳುತ್ತೇವೆ. ಗೋಡೆ ಕಟ್ಟಿ ಎಷ್ಟು ವರ್ಷವಾಯಿತು? ಹಿಂದೆ ಏನು ತುಂಬಿದ್ದರು? ಗಟಾರ ಕೊನೆಯ ಸಲ ಕೆದರಿದ್ದು ಯಾವಾಗ? ನಾಲ್ಕು ಸಾಲಿನ ಸುದ್ದಿ ಏಳು ಸಾಲಾಗುತ್ತದೆ. ಡೆಸ್ಕಿನವರು ಕತ್ತರಿಸಿದರೆ ಇಲ್ಲಿ ಪೂರ್ತಿ ಹಾಕುತ್ತೇವೆ.